ರೇಸ್ ಬಿಡುತ್ತಿದ್ದೇನೆ, ಕಾರ್ಟ್ ಮಾರೋದಕ್ಕೆ ಸಲಹೆ ಬೇಕು

ಎಲ್ಲರಿಗೂ ನಮಸ್ಕಾರ, ಹೊಸೂರಿನಿಂದ ಬರೆಯುತ್ತಿದ್ದೇನೆ. ಒಂಬತ್ತು ವರ್ಷದಿಂದ ಹವ್ಯಾಸಕ್ಕೆ ಗೋ ಕಾರ್ಟ್ ರೇಸ್ ಓಡಿಸುತ್ತಿದ್ದೆ. ಇನ್ನು ಸಾಕು ಅಂತ ತೀರ್ಮಾನ ಮಾಡಿದ್ದೇನೆ. ಕಾರ್ಟ್‌ಗೆ ಸಸ್ಪೆನ್ಷನ್ ಇರಲ್ಲ ಅಲ್ವಾ, ಟ್ರ್ಯಾಕ್ ಅಂಚು ಹತ್ತಿದಾಗಲೆಲ್ಲ ಆ ಏಟು ಸೀಟಿನಿಂದ ನೇರ ಪಕ್ಕೆಲುಬಿಗೇ. ಹೋದ ತಿಂಗಳು ಎಡಗಡೆ ಒಂದು ಬಿರುಕು ಬಿಟ್ಟಿತು, ಸೀನಿದರೂ ಕಣ್ಣಲ್ಲಿ ನೀರು. ಅಮ್ಮ ಹೆಲ್ಮೆಟ್ ತೆಗೆದು ಅಟ್ಟಕ್ಕೆ ಹಾಕಿದರು. ನಾನೂ ಇಳಿಸಲಿಲ್ಲ.

ಈಗ ಕಾರ್ಟ್ ಶೆಡ್‌ನಲ್ಲಿ ಸುಮ್ನೆ ನಿಂತಿದೆ. ಇಂಜಿನ್ ರೋಟಾಕ್ಸ್ ಮ್ಯಾಕ್ಸ್, 125 ಸಿಸಿ, ಟೂ ಸ್ಟ್ರೋಕ್. ಯಾರೂ ಒಳಗೆ ಕೈ ಹಾಕಿಲ್ಲ ಅಂತ ತೋರಿಸುವ ಇಂಜಿನ್ ಸೀಲ್ ಹಾಗೇ ಇದೆ, ಲಾಗ್‌ಬುಕ್ಕೂ ಇದೆ. ಚಾಸಿಸ್ ಮಾತ್ರ ಹಳೆಯದು, ಅಡಿಯ ಪೈಪು ನೆಲಕ್ಕೆ ತಿಕ್ಕಿ ತಿಕ್ಕಿ ಚಪ್ಪಟೆಯಾಗಿದೆ, ಅದನ್ನು ಮುಚ್ಚಿಟ್ಟು ಮಾರೋಕೆ ಮನಸ್ಸಿಲ್ಲ.

ಇಂಜಿನ್, ಚಾಸಿಸ್ ಬೇರೆ ಬೇರೆ ಕೊಟ್ಟರೆ ಜಾಸ್ತಿ ಸಿಗುತ್ತಾ, ಇಲ್ಲ ಒಟ್ಟಿಗೇ ಕೊಡಲಾ? ಬೆಂಗಳೂರಲ್ಲಿ ಒಬ್ಬರು ಗುಜರಿ ರೇಟು ಹೇಳಿದರು, ಹೊಟ್ಟೆ ಉರಿಯಿತು. ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕ್ ಕಡೆ ಹೊಸದಾಗಿ ಶುರು ಮಾಡುವ ಹುಡುಗರು ಯಾರಾದರೂ ಗೊತ್ತಿದ್ದರೆ ತಿಳಿಸಿ, ಅಂಥವರಿಗಾದರೆ ಸ್ವಲ್ಪ ಕಡಿಮೆಗೂ ಕೊಡುತ್ತೇನೆ. ಕಾರ್ಬುರೇಟರ್‌ನ ಪೆಟ್ರೋಲ್ ಖಾಲಿ ಮಾಡಿಟ್ಟಿದ್ದೇನೆ. ಮಾರೋವರೆಗೆ ಬೇರೆ ಏನಾದರೂ ಮಾಡಬೇಕಾ?