‘ಮೋಡ್’ ಎಂಬುದಕ್ಕೆ ‘ವರಸೆ’ ಆದೀತೆ?

ಪ್ರಶ್ನೆ (ಚಿಂತಾಮಣಿಯಿಂದ)

ಎಲ್ಲರಿಗೂ ನಮಸ್ಕಾರ. ವಿಮಾನವನ್ನು ತಾನೇ ನಡೆಸುವ ಆಟೋಪೈಲಟ್ ಯಂತ್ರ, ಪೈಲಟ್ ಎಣಿಸದ್ದನ್ನು ಮಾಡಿಬಿಡುವುದರ ಬಗ್ಗೆ ಒಂದು ಲೇಖನ ಕನ್ನಡಕ್ಕೆ ಬರಬೇಕಿದೆ. ‘ಅನಿರೀಕ್ಷಿತ ವರ್ತನೆ’ ಎಂದರೆ ನಮ್ಮ ಕಡೆ ಹಾಲಿನ ವರ್ತನೆ ನೆನಪಾಗುತ್ತದೆ, ಅದು ಹೋಗಲಿ. ತೊಡಕಿರುವುದು ‘ಮೋಡ್’ನಲ್ಲಿ, ಅಂದರೆ ಆ ಯಂತ್ರ ಯಾವ ಹೊತ್ತಿಗೆ ಏನನ್ನು ಕಾಪಾಡಬೇಕೆಂಬ ಆಯ್ಕೆಯಲ್ಲಿ. ವಿಭಕ್ತಿ ಹಚ್ಚಿದರೆ ‘ಮೋಡಿನಲ್ಲಿ’, ಬೆರಳು ಜಾರಿದರೆ ‘ಮೋಡದಲ್ಲಿ’. ವಿಮಾನದ ಬರಹದಲ್ಲಿ ಎರಡೂ ಬರುತ್ತವಲ್ಲ! ‘ಸ್ಥಿತಿ’, ‘ವಿಧಾನ’, ‘ಬಗೆ’ ಇವುಗಳಲ್ಲಿ ಯಾವುದು ಸರಿ? ಇನ್ನೊಂದು: ಆಟೋಪೈಲಟ್ ‘ಕೈಕೊಟ್ಟಿತು’ ಎನ್ನಬಹುದೆ?

ಉತ್ತರ (ತುಮಕೂರಿನಿಂದ)

‘ಕೈಕೊಟ್ಟಿತು’ ಬೇಡ. ಅದರಲ್ಲಿ ಕೆಟ್ಟುಹೋಯಿತು ಎಂಬ ಅರ್ಥವಿದೆ, ನಂಬಿಸಿ ಮೋಸ ಮಾಡಿತು ಎಂಬುದೂ ಇದೆ. ನೀವು ಹೇಳುವ ಪ್ರಕರಣಗಳಲ್ಲಿ ಹೆಚ್ಚಿನವು ಯಂತ್ರ ಕೆಟ್ಟವಲ್ಲ. ಪೈಲಟ್ ಒಂದು ಮೋಡ್ ಇದೆ ಎಂದುಕೊಂಡಿರುತ್ತಾರೆ, ಯಂತ್ರ ಇನ್ನೊಂದರಲ್ಲಿರುತ್ತದೆ. ಯಂತ್ರ ತಾನಾಗಿ ಬಿಟ್ಟುಕೊಡುವುದಕ್ಕೆ ‘ಕೈಬಿಟ್ಟಿತು’ ಸಾಕು. 2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ ಏರ್ ಫ್ರಾನ್ಸ್ 447ರಲ್ಲಿ ವೇಗ ಅಳೆಯುವ ಪಿಟೋ ಕೊಳವೆಗಳಲ್ಲಿ ಹಿಮ ಕಟ್ಟಿ ವೇಗದ ಅಳತೆಗಳು ಒಂದಕ್ಕೊಂದು ತಾಳೆಯಾಗದೆ ಹೋದಾಗ ಆಟೋಪೈಲಟ್ ಕಳಚಿಕೊಂಡಿತು. ಅದು ಕೈಬಿಡುವುದು.

‘ಮೋಡ್’ಗೆ ನನ್ನ ಸಲಹೆ ‘ವರಸೆ’. ಕುಸ್ತಿಯವರ ಮಾತು. ‘ಇದ್ದಕ್ಕಿದ್ದಂತೆ ವರಸೆ ಬದಲಾಯಿಸಿದ’ ಎಂದು ಮನುಷ್ಯರಿಗೂ ಹೇಳುತ್ತೇವೆ. ‘ಸ್ಥಿತಿ’ ಸುಮ್ಮನೆ ಇರುವಿಕೆ. ‘ವಿಧಾನ’ ಅಡುಗೆ ಪುಸ್ತಕದ್ದು. ಆಟೋಪೈಲಟ್‌ನ ಮೋಡ್ ಎಂದರೆ ಯಾವುದನ್ನು ಹಿಡಿದಿಟ್ಟು ಯಾವುದನ್ನು ಬಿಟ್ಟುಕೊಡಬೇಕೆಂಬ ಪಟ್ಟು. ಇಳಿಯುವಾಗಿನ ಎರಡು ವರಸೆ ನೋಡಿ. ‘ವರ್ಟಿಕಲ್ ಸ್ಪೀಡ್’ನಲ್ಲಿ ವಿಮಾನದ ಮೂಗು ಇಳಿಕೆಯ ದರ ಹಿಡಿಯುತ್ತದೆ, ವಿಮಾನದ ವೇಗವನ್ನು ಇಂಜಿನ್ ಕಾಪಾಡುತ್ತದೆ. ‘ಓಪನ್ ಡಿಸೆಂಟ್’ನಲ್ಲಿ ಇಂಜಿನ್ ಐಡಲ್‌ಗೆ (ಅತಿ ಕಡಿಮೆ ಬಲದ ಓಟಕ್ಕೆ) ಬಂದುಬಿಡುತ್ತದೆ, ವೇಗ ಕಾಯುವ ಕೆಲಸ ಮೂಗಿನದು. ಆ ಹೊತ್ತಿನಲ್ಲಿ ಯಾರಾದರೂ ಮೂಗು ಎತ್ತಿ ಹಿಡಿದರೆ ವೇಗ ಕಾಯುವವರೇ ಇಲ್ಲ.

ಇದರ ಉದಾಹರಣೆಗೆ ದೂರ ಹೋಗಬೇಕಿಲ್ಲ. 1990ರ ಫೆಬ್ರುವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ವಿಮಾನ ರನ್‌ವೇ ತಲುಪುವ ಮೊದಲೇ ನೆಲಕ್ಕೆ ಬಡಿಯಿತು. 146 ಜನರಲ್ಲಿ 92 ಮಂದಿ ಸತ್ತರು. ನಿಮಿಷಕ್ಕೆ 700 ಅಡಿಯ ಇಳಿಕೆ ಇಡಲು ಹೋಗಿ ಎತ್ತರದ ಗುಂಡಿಯಲ್ಲಿ 700 ಅಡಿ ಇಟ್ಟಿರಬೇಕು ಎಂಬುದು ಊಹೆ. ನಿಲ್ದಾಣದ ನೆಲವೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಎತ್ತರದಲ್ಲಿದೆ, ಅಂದರೆ ಇಟ್ಟ ಎತ್ತರ ನೆಲಕ್ಕಿಂತ ಕೆಳಗಿನದು; ವಿಮಾನ ಓಪನ್ ಡಿಸೆಂಟ್ ವರಸೆ ಹಿಡಿಯಿತು. ಇಂಜಿನ್ ಕೆಟ್ಟಿರಲಿಲ್ಲ, ಹಿಡಿದ ವರಸೆಯಂತೆ ಐಡಲ್‌ನಲ್ಲೇ ಉಳಿದಿತ್ತು. ಇದಕ್ಕೆ ‘ಅನಿರೀಕ್ಷಿತ ವರ್ತನೆ’ ಎಂದರೆ ತಪ್ಪೆಲ್ಲ ಯಂತ್ರದ ತಲೆಗೆ ಬೀಳುತ್ತದೆ. ‘ಎಣಿಸದ ವರಸೆ’ ಎಂದರೆ ಎಣಿಸಬೇಕಾಗಿದ್ದವರು ಯಾರೆಂಬ ಪ್ರಶ್ನೆಯೂ ಉಳಿಯುತ್ತದೆ.

ಮುಂದಿನದು ‘ವರಸೆ ಜಾರುವುದು’. ಪೈಲಟ್ ಮೋಡ್ ಬದಲಿಸುವ ಗುಂಡಿ ಮುಟ್ಟದಿದ್ದರೂ ಒಂದು ಮೋಡ್ ಬಿದ್ದು ಇನ್ನೊಂದು ಬರುವುದಕ್ಕೆ ಈ ಹೆಸರು. ಎ320 ಏರುತ್ತ ನಿಗದಿಯಾದ ಎತ್ತರ ಹತ್ತಿರವಾದಾಗ ಏರಿಕೆ ತಗ್ಗಿಸುತ್ತ ಆ ಎತ್ತರವನ್ನು ಹಿಡಿಯಲು ತೊಡಗುತ್ತದೆ. ಸರಿಯಾಗಿ ಆ ಕ್ಷಣಗಳಲ್ಲಿ ಎತ್ತರದ ಗುಂಡಿ ತಿರುಗಿಸಿದರೆ ಹಿಡಿತ ಬಿಟ್ಟು ವರ್ಟಿಕಲ್ ಸ್ಪೀಡ್‌ಗೆ ಜಾರುತ್ತದೆ. ಆಗ ಎಷ್ಟು ದರದಲ್ಲಿ ಏರುತ್ತಿತ್ತೋ ಅದೇ ದರದಲ್ಲಿ ಏರುತ್ತಲೇ ಹೋಗುತ್ತದೆ. ಇಲ್ಲಿ ಒಂದು ಎಚ್ಚರಿಕೆ: ‘ಜಾರಿತು’ ಎಂದೇ ಬರೆಯಿರಿ. ‘ಜಾರಿಯಾಯಿತು’ ಎಂದರೆ ಸರ್ಕಾರಿ ಆದೇಶದಂತೆ ಚಾಲ್ತಿಗೆ ಬಂತು ಎಂದಾಗಿ ಅರ್ಥ ತಿರುಗುಮುರುಗು.

ಲೇಖನದಲ್ಲಿ ಇಂಜಿನ್ ಬಲವನ್ನು ತಾನೇ ಏರಿಳಿಸುವ ಆಟೋಥ್ರಾಟಲ್ ಬಂದರೆ ಆಟೋಪೈಲಟ್‌ನೊಂದಿಗೆ ಬೆರೆಸಬೇಡಿ. 2009ರ ಫೆಬ್ರುವರಿ 25ರಂದು ಆಮ್‌ಸ್ಟರ್‌ಡ್ಯಾಮ್‌ನ ಸ್ಖಿಪೋಲ್ ಬಳಿ ಬಿದ್ದ ಟರ್ಕಿಶ್ ಏರ್‌ಲೈನ್ಸ್‌ನ ಬೋಯಿಂಗ್ 737ರಲ್ಲಿ ನೆಲದಿಂದ ಎತ್ತರ ಅಳೆಯುವ ಎಡಗಡೆಯ ರೇಡಿಯೊ ಆಲ್ಟಿಮೀಟರ್ ಎತ್ತರ ಸೊನ್ನೆಗಿಂತ 8 ಅಡಿ ಕೆಳಗೆ ಎಂದು ತೋರಿಸಿತು. ನೆಲ ಬಂತೆಂದು ಆಟೋಥ್ರಾಟಲ್ ಇಂಜಿನ್ ಬಲ ಇಳಿಸಿತು. ಆಟೋಪೈಲಟ್ ಮಾತ್ರ ರನ್‌ವೇಗೆ ಇಳಿಯುವ ಇಳಿಜಾರಿನ ದಾರಿ ಬಿಡಬಾರದೆಂದು ಮೂಗು ಎತ್ತುತ್ತ ಹೋಯಿತು. ಒಂದೇ ಗಾಡಿಗೆ ಹೂಡಿದ ಜೋಡೆತ್ತು, ಒಂದು ನಿಂತಿದೆ, ಇನ್ನೊಂದು ಎಳೆಯುತ್ತಿದೆ.

ಮರುಮಾತು (ಕೋಲಾರದಿಂದ)

ವರಸೆ ಒಪ್ಪಿಗೆ. ನಮ್ಮಲ್ಲಿ ‘ವರಸೆಯಲ್ಲಿ ಮಾವ ಆಗಬೇಕು’ ಎಂಬ ನಂಟಿನ ಅರ್ಥವೂ ಇದೆ, ಆದರೆ ಕಾಕ್‌ಪಿಟ್‌ನಲ್ಲಿ ಗೊಂದಲವಾಗದು. ಬಿಟ್ಟುಹೋದದ್ದು ಇನ್ನೊಂದು ಜೋಡಿ: ಸರದಿಗೆ ನಿಂತ ಮೋಡ್ ಮತ್ತು ಕೆಲಸಕ್ಕೆ ಇಳಿದ ಮೋಡ್. ಏರ್‌ಬಸ್‌ನಲ್ಲಿ ಪೈಲಟ್ ಮುಂದಿನ ತೆರೆಯ ಮೇಲಂಚಿನ ಸಾಲಿನಲ್ಲಿ ಮೊದಲನೆಯದು ನೀಲಿ ಅಕ್ಷರ, ಎರಡನೆಯದು ಹಸಿರು. ಹೊಸದು ಹಿಡಿದಾಗ 10 ಸೆಕೆಂಡು ಸುತ್ತ ಬಿಳಿ ಚೌಕ. ನೀಲಿಯನ್ನು ಹಸಿರೆಂದು ಓದಿಕೊಂಡರೆ ವಿಮಾನ ತಾನೇ ಇಳಿಜಾರಿನ ದಾರಿ ಹಿಡಿಯುತ್ತದೆಂದು ಕೂತಿರುತ್ತಾರೆ, ಅದು ನೇರಕ್ಕೆ ಹೋಗುತ್ತಿರುತ್ತದೆ.

ಈ ವ್ಯತ್ಯಾಸ ಬೋರ್‌ವೆಲ್ ಇರುವ ಯಾವ ರೈತರಿಗೂ ಹೊಸದಲ್ಲ. ‘ಆಟೋಗೆ ಹಾಕಿದೀನಿ’ ಎಂದರೆ ತ್ರೀ ಫೇಸ್ ಬಂದ ಕೂಡಲೇ ಮೋಟರ್ ಏಳುತ್ತದೆ, ಈಗ ಓಡುತ್ತಿಲ್ಲ. ‘ಸ್ಟಾರ್ಟರ್ ಹಿಡೀತು’ ಎಂದರೆ ನೀರು ಬರುತ್ತಿದೆ. ಇದರ ಜಾಡಿನಲ್ಲೇ ಮೊದಲನೆಯದಕ್ಕೆ ‘ಅಣಿ’, ಎರಡನೆಯದಕ್ಕೆ ‘ಹಿಡಿತ’ ಎನ್ನೋಣ. ‘ಹೂಡಿದೆ’ ಬೇಡ, ನೇಗಿಲು ಹೂಡಿದರು ಎಂದರೆ ಉಳುವುದು ಆಗಲೇ ಶುರುವಾಗಿದೆ. ‘ಕಾಯುತ್ತಿದೆ’ ಇನ್ನೂ ಅಪಾಯ, ಇಂಜಿನ್ ಬಿಸಿಯಾಗುತ್ತಿದೆ ಎಂದುಕೊಂಡಾರು.

ಬದಲಾದ ವರಸೆಯನ್ನು ಪೈಲಟ್‌ಗಳು ತೆರೆ ನೋಡಿ ಗಟ್ಟಿಯಾಗಿ ಹೇಳುವ ರೂಢಿಗೆ ‘ಓದಿ ಹೇಳುವುದು’ ಎಂದರೆ ಸಾಕು, ‘ಉದ್ಘೋಷಣೆ’ ಬೇಕಿಲ್ಲ. ಅವರು ನೋಡಬೇಕಾದ್ದು ತೆರೆಯ ಮೇಲಂಚಿನ ಆ ಸಾಲನ್ನು, ತಾವು ಒತ್ತಿದ ಗುಂಡಿಯನ್ನಲ್ಲ. ಲೇಖನದಲ್ಲಿ ‘ಗುಂಡಿ ಒತ್ತಿ ಮೋಡ್ ಆನ್ ಮಾಡಿದರು’ ಎಂಬ ವಾಕ್ಯ ಬಂದರೆ ಅದನ್ನು ‘ಗುಂಡಿ ಒತ್ತಿ ಅಣಿ ಮಾಡಿದರು’ ಎನ್ನಬೇಕೋ ‘ಹಿಡಿಸಿದರು’ ಎನ್ನಬೇಕೋ ಎಂದು ಮೂಲ ನೋಡಿಯೇ ತೀರ್ಮಾನಿಸಿ.