ಸಹಾಯ ಬೇಕು: ಮೈಲ್ಸ್ ಡೇವಿಸ್ ಬಾಕ್ಸ್ ಸೆಟ್, ಯಾವುದು ಕೊಳ್ಳಲಿ?

ಗೆಳೆಯರೇ, ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರು ಕೊಲಂಬಿಯಾ ಕಂಪನಿಗೆ ಮಾಡಿದ ಆಲ್ಬಮ್‌ಗಳ ರೀಮಾಸ್ಟರ್ (ಹಳೆ ಟೇಪಿನಿಂದ ಹೊಸದಾಗಿ ಸಿದ್ಧಪಡಿಸಿದ) ಸೆಟ್ ಒಂದು ಕೊಳ್ಳಬೇಕು ಅಂತಿದ್ದೇನೆ. ಕಣ್ಣಿಟ್ಟಿರುವುದು ಎರಡರ ಮೇಲೆ. ಒಂದು 2013ರ ಮೋನೊ (ಎರಡೂ ಸ್ಪೀಕರಿನಲ್ಲಿ ಒಂದೇ ಧ್ವನಿ ಬರುವ) ಸೆಟ್, 9 ಸಿಡಿ. ಇನ್ನೊಂದು 2009ರ ದೊಡ್ಡ ಪೆಟ್ಟಿಗೆ, 70 ಸಿಡಿ, ಜೊತೆಗೊಂದು ಡಿವಿಡಿ. ದೊಡ್ಡದು ಆಸೆ ಹುಟ್ಟಿಸುತ್ತದೆ ನಿಜ, ಆದರೆ ಎಪ್ಪತ್ತನ್ನೂ ಕೂತು ಕೇಳುವವರು ಯಾರು ಹೇಳಿ!

ನನ್ನ ತಲೆನೋವು 'ಕೈಂಡ್ ಆಫ್ ಬ್ಲೂ' ಆಲ್ಬಮ್ಮಿನದು. 1959ರ ಮಾರ್ಚ್‌ನಲ್ಲಿ ಇದರ ಮೊದಲ ಮೂರು ಟ್ರ್ಯಾಕ್ ರೆಕಾರ್ಡ್ ಆಗುವಾಗ ಟೇಪ್ ಮೆಷಿನ್ ಕೊಂಚ ನಿಧಾನವಾಗಿ ಓಡಿತ್ತು. ಹಾಗಾಗಿ ಮಾಮೂಲಿ ವೇಗದಲ್ಲಿ ಕೇಳಿದರೆ ಶ್ರುತಿ ಸ್ವಲ್ಪ ಮೇಲೇರಿರುತ್ತದೆ. ಸರಿಯಾಗಿ ಓಡಿದ್ದ ಇನ್ನೊಂದು ಟೇಪ್ ಇತ್ತು, ಅದನ್ನು ಬಳಸಿ 1992ರಲ್ಲಿ ತಿದ್ದಿದರು. ನನ್ನ ಹತ್ತಿರ ಇರುವುದು ಅದಕ್ಕೂ ಮುಂಚಿನ ಸಿಡಿ. ಅದರ ಮೊದಲ ಟ್ರ್ಯಾಕ್ 'ಸೋ ವಾಟ್' ಹಾಕಿ ಜೊತೆಗೆ ಕೀಬೋರ್ಡ್ ನುಡಿಸಲು ಹೋದರೆ ಸ್ವರ ಎರಡು ಕೀಗಳ ನಡುವೆ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಸುಮ್ನೆ ಕೇಳುವಾಗ ಗೊತ್ತೇ ಆಗಲ್ಲ.

ಮೋನೊ ಸೆಟ್ ಇರುವವರು ಆ ಮೂರು ಟ್ರ್ಯಾಕ್ ಹಾಕಿ, ಟ್ಯೂನರ್ ಆ್ಯಪ್ ಇಟ್ಟು ಶ್ರುತಿ ಸರಿಯಿದೆಯಾ ನೋಡಿ ಹೇಳುತ್ತೀರಾ? ಇದರಲ್ಲಿ ಪಾಲ್ ಚೇಂಬರ್ಸ್ ನುಡಿಸಿರುವ ಬಾಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ) ಮೋನೊದಲ್ಲಿ ಚೆನ್ನಾಗಿ ಕೇಳುತ್ತದಾ? ಇನ್ನೊಂದು ವಿಷಯ, ಇಂಥ ಸೆಟ್‌ಗಳ ರಟ್ಟಿನ ಕವರ್ ಬಿಗಿಯಾಗಿರುತ್ತವೆ, ತೆಗೆದು ಹಾಕುವಾಗ ಸಿಡಿಗೆ ಗೀರು ಬೀಳುತ್ತದೆ ಅಲ್ವಾ? ಒಳಗೆ ಬೇರೆ ತೆಳು ಕವರ್ ಹಾಕಿಡುತ್ತೀರಾ?

ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಪುಸ್ತಿಕೆ ಮಾತ್ರ ಇರಲೇಬೇಕು. ಬೆಂಗಳೂರಿನಲ್ಲಿ ಯಾರ ಬಳಿಯಾದರೂ ಇದ್ದರೆ ಮನೆಗೇ ಬಂದು ಕೇಳುತ್ತೇನೆ, ಕಾಫಿಪುಡಿ ನಾನೇ ತರುತ್ತೇನೆ.