ರೇಷನ್ ಗಾಡಿಗೆ ಬ್ಯಾಟರಿ: ನಮ್ಮ ಮಲೆನಾಡಿಗೆ ಆಗಿಬರುತ್ತಾ?

ತೋಟದಂಚು (ಚಿಕ್ಕಮಗಳೂರು)
ನ್ಯಾಯಬೆಲೆ ಅಂಗಡಿಯ ಅಕ್ಕಿ, ಅಂಗನವಾಡಿ ಆಹಾರ, ಆಸ್ಪತ್ರೆ ಔಷಧ, ಟಪಾಲು ಸಾಗಿಸೋ ಗಾಡಿಗಳನ್ನೆಲ್ಲ ಎಲೆಕ್ಟ್ರಿಕ್ ಮಾಡಿ, ಹಾಸನ–ಚಿಕ್ಕಮಗಳೂರಿಂದಲೇ ಶುರು ಮಾಡಿ ಅನ್ನೋದು ನನ್ನ ವಾದ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ 2023ರ ಏಪ್ರಿಲ್ 1ರಿಂದ ನಿಂತಿದೆ. ಹೇಗಿದ್ರೂ ಹೊಸದು ಕೊಳ್ಳಬೇಕು, ಮತ್ತೆ ಡೀಸೆಲ್ ಯಾಕೆ? ಹಗಲು 60–70 ಕಿ.ಮೀ. ಓಡಿ ರಾತ್ರಿ ಗೋದಾಮಿನ ಮುಂದೆ ನಿಲ್ಲೋ ಗಾಡಿ ಬ್ಯಾಟರಿಗೆ ಹೇಳಿ ಮಾಡಿಸಿದ ಕೆಲಸ.

ಪಟ್ಟೆಕಟ್ಟು
"ಹೇಳಿ ಮಾಡಿಸಿದ" ಅಂತೆ! ಟಾಟಾ ಏಸ್ ಇವಿ (ಬ್ಯಾಟರಿಯ ಪುಟ್ಟ ಸರಕು ಗಾಡಿ) ಮೊದಲ ಮಾದರಿ ಹೊರೋದು 600 ಕೆ.ಜಿ., ಅಂದ್ರೆ 50 ಕೆ.ಜಿ.ಯ 12 ಮೂಟೆ. 400 ಕಾರ್ಡಿನ ಅಂಗಡಿ, ಕಾರ್ಡಿಗೆ ನಾಲ್ಕು ಜನ, ತಲೆಗೆ 5 ಕೆ.ಜಿ. ಹಿಡೀರಿ: 160 ಮೂಟೆ. ಲಾರಿ ಒಂದೇ ಸಲಕ್ಕೆ ಇಳಿಸಿ ಬರೋದನ್ನ ನಿಮ್ಮ ಏಸ್ 14 ಟ್ರಿಪ್ ಹೊಡೀಬೇಕು. ಹಮಾಲರು ಪ್ರತಿ ಟ್ರಿಪ್ಪಿಗೂ ಕಾಯ್ತಾ ಕೂರ್ತಾರಾ?

ತೋಟದಂಚು (ಚಿಕ್ಕಮಗಳೂರು)
ಏಸ್ ಅಂತ ನಾನೆಲ್ಲಿ ಹೇಳ್ದೆ? ದೊಡ್ಡ ಲಾರಿಗೂ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಸಹಾಯಧನ ಇದೆ, 3.5 ಟನ್ ಮೇಲಿನ ಟ್ರಕ್‌ಗಳಿಗೆ. ಹಳೇ ಲಾರಿ ಗುಜರಿಗೆ ಹಾಕಿದ ಸರ್ಟಿಫಿಕೇಟ್ ತೋರಿಸಬೇಕು, ಅಷ್ಟೇ.

ಟೆಂಡರ್ ಓದುವವ
"ಅಷ್ಟೇ" ಅಲ್ಲ ಸ್ವಾಮಿ. ಸಗಟು ಮಳಿಗೆಯಿಂದ ಅಂಗಡಿಗೆ ಅಕ್ಕಿ ಹೊಡೆಯೋದು ಸಾಗಾಣಿಕೆ ಗುತ್ತಿಗೆದಾರರ ಲಾರಿ, ಸರ್ಕಾರದ್ದಲ್ಲ. 15 ವರ್ಷದ ಆ ನಿಯಮ ಸರ್ಕಾರದ ಸ್ವಂತ ವಾಹನಕ್ಕೆ ಮಾತ್ರ. ಟೆಂಡರ್ ಷರತ್ತು ಬದಲಾಗದೆ ಒಂದು ಲಾರಿಯೂ ಬದಲಾಗಲ್ಲ. ಗುತ್ತಿಗೆ ಅವಧಿ ಚಿಕ್ಕದಾದ್ರೆ ಬ್ಯಾಟರಿ ಲಾರಿಯ ಸಾಲ ತೀರಿಸೋದು ಯಾರು?

ಪಟ್ಟೆಕಟ್ಟು
ಸಾಲದ ಮಾತು ಬಿಡಿ, ಮೊದಲು ಘಾಟಿ ಹತ್ತಲಿ. ಚಾರ್ಮಾಡಿಯಲ್ಲಿ ಅರ್ಧಕ್ಕೇ ಕುಸಿದು ಕೂರುತ್ತೆ.

ಲೆಕ್ಕದ ಮೇಷ್ಟ್ರು
ಚಾರ್ಮಾಡಿ ಕೆಳಗೆ ಬೆಳ್ತಂಗಡಿ ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ. ಘಾಟಿ ಮೇಲಿರೋ ನಮ್ಮ ಮೂಡಿಗೆರೆಯ ಅಕ್ಕಿ ಅಲ್ಲಿಗೆ ಯಾಕೆ ಹೋಗುತ್ತೆ? ಏರಿನ ಲೆಕ್ಕ ನೋಡಿ. ಏಸ್ ಇವಿ ಲೋಡ್ ಸಮೇತ 1840 ಕೆ.ಜಿ. 300 ಮೀಟರ್ ಎತ್ತರ ಹತ್ತೋಕೆ ಒಂದೂವರೆ ಯೂನಿಟ್, ಮೋಟಾರಿನ ನಷ್ಟ ಸೇರಿದ್ರೆ 1.8. ಬ್ಯಾಟರಿ 21.3 ಯೂನಿಟ್. ಏರು ನಿಮ್ಮ ಬ್ಯಾಟರಿ ತಿನ್ನಲ್ಲ. ಕಂಪನಿ ಹೇಳೋ 154 ಕಿ.ಮೀ. ನಮ್ಮ ರಸ್ತೇಲಿ 100ರ ಆಸುಪಾಸು ಅಂತ ಇಟ್ಟುಕೊಂಡ್ರೂ 70ಕ್ಕೆ ಧಾರಾಳ.

ತೋಟದಂಚು (ಚಿಕ್ಕಮಗಳೂರು)
ಅದರ ಮೇಲೆ ಇಳಿಜಾರಿನಲ್ಲಿ ವಾಪಸ್ ಚಾರ್ಜ್ ಬೇರೆ!

ಲೆಕ್ಕದ ಮೇಷ್ಟ್ರು
ಅದೇನೂ ಅಂಥ ಲಾಭ ಅಲ್ಲ. ಅಕ್ಕಿ ತುಂಬಿಕೊಂಡು ಹತ್ತಿ ಖಾಲಿ ಇಳಿಯೋ ಗಾಡಿಗೆ ಸಿಗೋದು ಅರ್ಧ ಯೂನಿಟ್. ಗುಡ್ಡದೂರಿಂದ ತುಂಬಿಕೊಂಡು ಇಳಿಯೋ ಹಾಲಿನ ಗಾಡಿಗಾದ್ರೆ ಲೆಕ್ಕ ಉಲ್ಟಾ. ಇನ್ನೊಂದು: ಬೆಳಿಗ್ಗೆ 100% ತುಂಬಿಸಿ ನೇರ ಇಳಿಜಾರಿಗೆ ಬಿಟ್ರೆ ವಾಪಸ್ ಬರೋ ಕರೆಂಟಿಗೆ ಜಾಗವೇ ಇರಲ್ಲ, ಪೂರಾ ಭಾರ ಬ್ರೇಕಿನ ಮೇಲೆ. ಅಂಥ ರೂಟಿನಲ್ಲಿ 90%ಗೆ ನಿಲ್ಲಿಸಿ. ಆದ್ರೆ ಏಸ್‌ನಲ್ಲಿರೋ ಎಲ್‌ಎಫ್‌ಪಿ (ಲಿಥಿಯಂ-ಕಬ್ಬಿಣ-ಫಾಸ್ಫೇಟ್) ಬ್ಯಾಟರಿ ಆಗಾಗ ಪೂರ್ತಿ ತುಂಬದಿದ್ರೆ ಚಾರ್ಜ್ ತೋರಿಸೋ ಮೀಟರ್ ಸುಳ್ಳು ಹೇಳೋಕೆ ಶುರು ಮಾಡುತ್ತೆ, ಸೆಲ್‌ಗಳೂ ಸಮ ಆಗಲ್ಲ. ವಾರಕ್ಕೊಂದು ರಾತ್ರಿ 100%.

ಅರ್ತಿಂಗ್ ಅಣ್ಣ
"ಪೂರ್ತಿ ತುಂಬಿಸಿ" ಅಂತೀರಲ್ಲ, ಎಲ್ಲಿಂದ? 15 ಆಂಪ್ಸ್ ಸಾಕೆಟ್ 230 ವೋಲ್ಟಲ್ಲಿ 3450 ವಾಟ್, ಏಸ್ ತುಂಬೋಕೆ ನಷ್ಟ ಸೇರಿ ಏಳು ಗಂಟೆ. ಸಂಜೆ ವೋಲ್ಟೇಜ್ 180ಕ್ಕೆ ಇಳಿದ್ರೆ 2700 ವಾಟ್, ಒಂಬತ್ತು ಗಂಟೆ ಹತ್ತಿರ. ಗೋದಾಮಿನ ಹಳೇ ಸಾಕೆಟ್ಟಿಗೆ ಅಷ್ಟು ಹೊತ್ತು 15 ಆಂಪ್ಸ್ ಎಳೆದ್ರೆ ಪಿನ್ ಕಪ್ಪಾಗಿ ಕರಗುತ್ತೆ. ನೀಲಿ ಇಂಡಸ್ಟ್ರಿಯಲ್ ಸಾಕೆಟ್, 4 ಚದರ ಮಿ.ಮೀ. ತಾಮ್ರದ ವೈರು, ಪ್ರತ್ಯೇಕ 20 ಆಂಪ್ಸ್ ಎಂಸಿಬಿ (ಕರೆಂಟ್ ಮಿತಿ ಮೀರಿದ್ರೆ ತಾನೇ ಆಫ್ ಆಗೋ ಸ್ವಿಚ್), ಎಲ್ಲಕ್ಕಿಂತ ಮೊದಲು ಸರಿಯಾದ ಅರ್ತಿಂಗ್. ಅರ್ತಿಂಗ್ ಕೆಟ್ಟಿದ್ರೆ ಚಾರ್ಜರ್ ಆನ್ ಆಗದೇನೂ ಇರಬಹುದು.

ಪಟ್ಟೆಕಟ್ಟು
ಮೆಸ್ಕಾಂನೋರು ಹಾಸನದಲ್ಲಿ ಮೊದಲು ರಾತ್ರಿ ಕರೆಂಟ್ ಕೊಡಲಿ, ಆಮೇಲೆ ಅರ್ತಿಂಗ್.

ಟೆಂಡರ್ ಓದುವವ
ಹಾಸನ ಸೆಸ್ಕ್ ಅನ್ನೋ ವಿದ್ಯುತ್ ಕಂಪನಿ ವ್ಯಾಪ್ತಿ, ಮೆಸ್ಕಾಂ ಚಿಕ್ಕಮಗಳೂರಿಗೆ. ಯಾರಿಗೆ ಬಿಲ್ ಕಟ್ಟಬೇಕು ಅನ್ನೋದೇ ಗೊತ್ತಿಲ್ಲದೆ ಚರ್ಚೆಗೆ ಬಂದಿದೀರಿ.

ಪಟ್ಟೆಕಟ್ಟು
ಬಾಯ್ತಪ್ಪಿದ್ದು. ಕರೆಂಟ್ ಹೋಗೋದಂತೂ ಎರಡೂ ಕಡೆ ನಿಜ ತಾನೆ?

ಸಕಲೇಶಪುರ 573134
ಅರ್ತಿಂಗ್ ಅಣ್ಣ ಸುಮ್ನೆ ಹೆದರಿಸ್ತಿದಾರೆ. 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಹಾಕಿದ್ರೆ ಅರ್ತಿಂಗ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಚಾರ್ಜರ್ ಹಟ ಮಾಡಿದ್ರೆ ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರು.

ಅರ್ತಿಂಗ್ ಅಣ್ಣ
ಆ "ತುಂಡು ವೈರೇ" ಹೆಣ ಬೀಳಿಸೋದು ಕಣ್ರೀ! ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದು ಕಂಬದ ನ್ಯೂಟ್ರಲ್ ಕಿತ್ತರೆ ಗಾಡಿಯ ತಗಡಿಗೆಲ್ಲ 230 ವೋಲ್ಟ್. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಮೂಟೆ ಇಳಿಸೋ ಹಮಾಲ ಬಾಗಿಲು ಮುಟ್ಟಿದ್ರೆ? ಅರ್ತಿಂಗ್ ಇದ್ರೆ ಯಾರೂ ಮುಟ್ಟೋ ಮುಂಚೆಯೇ ಆರ್‌ಸಿಸಿಬಿ ಬೀಳುತ್ತೆ. ಇಲ್ಲದಿದ್ರೆ ಮುಟ್ಟಿದವನ ಮೈಯೇ ಅರ್ತಿಂಗ್. ಮಾಮೂಲಿ ಎಸಿ ಟೈಪ್ ಆರ್‌ಸಿಸಿಬಿ ಇವಿಗೆ ನಂಬಬೇಡಿ. ಚಾರ್ಜರಿನಿಂದ ಡಿಸಿ (ಬ್ಯಾಟರಿ ಥರದ ಕರೆಂಟ್) ಸೋರಿದ್ರೆ ಅದು ಕುರುಡಾಗುತ್ತೆ. 6 ಮಿಲಿಆಂಪ್ಸ್ ಡಿಸಿ ಸೋರಿಕೆ ಹಿಡಿಯೋ ವ್ಯವಸ್ಥೆ ಇರೋ ಎ ಟೈಪ್, ಇಲ್ಲಾ ಬಿ ಟೈಪ್ ಬೇಕು.

ಸಕಲೇಶಪುರ 573134
ಗುಂಡಿ ತೋಡಿ ಉಪ್ಪು-ಇದ್ದಿಲು ಹಾಕಿದ್ರೆ ಆಯ್ತು, ಅದಕ್ಕಿಷ್ಟು ಪುರಾಣ.

ಅರ್ತಿಂಗ್ ಅಣ್ಣ
"ಹಾಕಿದ್ರೆ ಆಯ್ತು" ಅಲ್ಲ. 40 ಮಿ.ಮೀ. ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು, ಎರಡೂವರೆ ಮೀಟರ್ ಆಳ. ಸಕಲೇಶಪುರದ ಮಳೆಗೆ ಉಪ್ಪು ಕೆಲವೇ ವರ್ಷಕ್ಕೆ ಕೊಚ್ಚಿಹೋಗುತ್ತೆ, ಬೆಂಟೊನೈಟ್ ಜೇಡಿ ತುಂಬಿದ್ರೆ ನಿಲ್ಲುತ್ತೆ. ಅರಸೀಕೆರೆ ಕಡೆ ಬೇಸಿಗೆಗೆ ಗುಂಡಿ ಒಣಗುತ್ತೆ, ನೀರು ಹುಯ್ಯಬೇಕು. ಒಂದೇ ಜಿಲ್ಲೆ, ಎರಡು ರೋಗ.

ಸಕಲೇಶಪುರ 573134
ಮಲ್ಟಿಮೀಟರಲ್ಲಿ ಫೇಸ್–ಅರ್ತ್ 230 ತೋರಿಸಿದ್ರೆ ಮುಗೀತು.

ಲೆಕ್ಕದ ಮೇಷ್ಟ್ರು
ಮುಗಿಯಲ್ಲ. ಮಲ್ಟಿಮೀಟರ್ ಕರೆಂಟ್ ಎಳೆಯೋದೇ ಇಲ್ಲ, 500 ಓಮ್ ಇರೋ ಕೆಟ್ಟ ಅರ್ತ್‌ಗೂ 230 ತೋರಿಸುತ್ತೆ. ಫೇಸ್–ಅರ್ತ್ ನಡುವೆ 200 ವಾಟ್ ಬಲ್ಬ್ ಹಚ್ಚಿ ನೋಡಿ. ಮಂಕಾಗಿ ಉರಿದ್ರೆ ಅರ್ತ್ ಕೆಟ್ಟಿದೆ ಅಂತ.

ಅರ್ತಿಂಗ್ ಅಣ್ಣ
ಮೇಷ್ಟ್ರೇ, ಕೆಟ್ಟ ಅರ್ತ್‌ಗೆ ಬಲ್ಬ್ ಹಚ್ಚಿದ್ರೆ ಅಷ್ಟು ಹೊತ್ತು ಅದಕ್ಕೆ ಸೇರಿದ ತಗಡೆಲ್ಲ ಶಾಕ್ ಹೊಡೆಯುತ್ತೆ. ಎರಡು ಮೊಳೆ ಊರಿ ಅರ್ತ್ ಟೆಸ್ಟರಲ್ಲಿ ಅಳೀಬೇಕು, ಒಂದಂಕಿ ಓಮ್‌ಗೆ ಬರಬೇಕು.

ಲೆಕ್ಕದ ಮೇಷ್ಟ್ರು
ಗಾಡಿಯ ಪ್ಲಗ್ ಕಳಚಿಟ್ಟು, ಯಾರೂ ಮುಟ್ಟದ ಹಾಗೆ ಮಾಡಿ ಹಚ್ಚಿ ಅನ್ನೋದನ್ನೂ ಬರೀಬೇಕಿತ್ತಾ? ಲೈನ್‌ಮನ್‌ಗಳೆಲ್ಲ ಬಲ್ಬಲ್ಲೇ ನೋಡೋದು.

ತೋಟದಂಚು (ಚಿಕ್ಕಮಗಳೂರು)
ನಾನು ಕೇಳಿದ್ದು ಡೀಸೆಲ್ ಬಿಡಬೇಕೋ ಬೇಡವೋ ಅಂತ. ಇಲ್ಲಿ ಗುಂಡಿ ತೋಡ್ತಾ ಕೂತಿದೀರಿ.

ಪಟ್ಟೆಕಟ್ಟು
14 ಟ್ರಿಪ್ಪಿಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಟೆಂಡರ್ ಓದುವವ
ಔಷಧ, ಟಪಾಲು, ಅಂಗನವಾಡಿ ಸಾಮಾನಿಗೆ ಏಸ್ ಸಾಕು. ಅಕ್ಕಿ ಬಿಟ್ಟುಬಿಡಿ.

ಪಟ್ಟೆಕಟ್ಟು
"ಅಕ್ಕಿ ಬಿಟ್ಟುಬಿಡಿ"! ನೋಡಿ, ಅವರೇ ಒಪ್ಪಿಕೊಂಡ್ರು.

ಟೆಂಡರ್ ಓದುವವ
ಏಸ್‌ಗೆ ಅಕ್ಕಿ ಬೇಡ ಅಂದೆ. ಅಕ್ಕಿಗೆ ಎಲೆಕ್ಟ್ರಿಕ್ ಬೇಡ ಅಂದೆನಾ?

ಸಕಲೇಶಪುರ 573134
ಒಂದಂಕಿ ಓಮ್ ಬಂಡೆ ಮೇಲಿರೋ ಗೋದಾಮಿಗೆ ಎಲ್ಲಿಂದ ತರ್ತೀರಿ ಅಣ್ಣಾ?

ಅರ್ತಿಂಗ್ ಅಣ್ಣ
ಒಂದು ಪೈಪು ಸಾಲದಿದ್ರೆ ಮೂರು. ಎರಡು ಪೈಪಿನ ನಡುವೆ ಕನಿಷ್ಠ ಎರಡೂವರೆ ಮೀಟರ್ ಬಿಟ್ಟು ಊರಿ, ಜಿಐ ಪಟ್ಟಿಯಲ್ಲಿ ಮೂರನ್ನೂ ಸೇರಿಸಿ. ಒತ್ತೊತ್ತಾಗಿ ಊರಿದ್ರೆ ಮೂರೂ ಸೇರಿ ಒಂದರಷ್ಟೇ ಕೆಲಸ ಮಾಡ್ತವೆ. ಆ ತುಂಡು ವೈರನ್ನ ಮೊದಲು ಬಿಚ್ಚಿ.